ದೇವರ ಮುಂದೆ ಏರುವ ಮುಳ್ಳು

ಅದು ೨೦೨೨ರ ಚಳಿಗಾಲ. ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಾಗಣೆ ಕಂಪನಿಯ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಹಿರಿಯ ಮಿಸ್ತ್ರಿಯಾಗಿ ನಿವೃತ್ತನಾದ ಮೇಲೆ, ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಸ್ವಂತದ್ದೊಂದು ಸಣ್ಣ ಅಂಗಡಿ ಹಾಕಿಕೊಂಡಿದ್ದೆ. ಲಾರಿ, ಟೆಂಪೊಗಳ ವೈರಿಂಗ್, ಸ್ಟಾರ್ಟರ್, ಮೀಟರುಗಳ ಕೆಲಸ. ನಮ್ಮದು ಅಜ್ಜನ ಕಾಲದಿಂದ ಬೇಳೆಕಾಳಿನ ವ್ಯಾಪಾರದ ಮನೆ. ಅಣ್ಣತಮ್ಮಂದಿರೆಲ್ಲ ತಕ್ಕಡಿ ಹಿಡಿದರು, ನಾನೊಬ್ಬ ಕರೆಂಟ್ ನೋಡುವ ಟೆಸ್ಟ್ ಲ್ಯಾಂಪ್ ಹಿಡಿದೆ. ಕೆಲಸ ಮಾಡುತ್ತ ಮಾಡುತ್ತ ಎಲ್ಲೋ ತೇಲಿಹೋಗುವುದು ನನ್ನ ಸ್ವಭಾವ. ಮುಸ್ಸಂಜೆಯಲ್ಲಿ ಡ್ಯಾಶ್‌ಬೋರ್ಡಿನ ಸಣ್ಣ ಹಸಿರು ದೀಪಗಳು ಹೊತ್ತಿಕೊಂಡು ಮೀಟರಿನ ಮುಳ್ಳುಗಳು ಮೆಲ್ಲಗೆ ಮೇಲೇಳುವುದನ್ನು ನೋಡುತ್ತ ಕುಳಿತರೆ ನನಗೆ ಚಹಾ ಆರಿದ್ದೂ ತಿಳಿಯುವುದಿಲ್ಲ. "ಇವ್ರು ಅರ್ಧ ನಿದ್ದ್ಯಾಗ ದುಡದು ಪೂರಾ ಪಗಾರ ತಂದವ್ರು" ಎಂದು ಮನೆಯಾಕೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ಸುಳ್ಳೇನಲ್ಲ.

ಕಂಪನಿಯಿಂದ ಗಾಡಿಯ ಜೊತೆಗೇ ಬರುವ ಮೀಟರ್ ಬೇರೆ, ಆಮೇಲೆ ಹೊರಗೆ ಕೊಂಡು ಕೂಡಿಸುವ ಮೀಟರ್ ಬೇರೆ. ಎರಡನೆಯದನ್ನು ಆಫ್ಟರ್‌ಮಾರ್ಕೆಟ್ ಗೇಜ್ ಎನ್ನುತ್ತಾರೆ. ಹಳೆಯ ಟ್ರಕ್ಕುಗಳಲ್ಲಿ ಮೂಲದ ಮೀಟರುಗಳು ಎಂದೋ ಕಣ್ಣು ಮುಚ್ಚಿರುತ್ತವೆ. ಡ್ರೈವರುಗಳೂ ಅವುಗಳ ಗೊಡವೆಗೆ ಹೋಗದೆ ಕಿವಿ, ಮೂಗು, ಅಂಗಾಲುಗಳಿಂದಲೇ ಎಂಜಿನ್ನಿನ ಯೋಗಕ್ಷೇಮ ವಿಚಾರಿಸಿಕೊಳ್ಳುತ್ತಾರೆ. ಆದ್ದರಿಂದ ಆ ದಿನ ಬೀರಪ್ಪ ಬಂದು ಗೇಜ್ ಬೇಕು ಎಂದಾಗ ನನಗೆ ಸ್ವಲ್ಪ ಅಚ್ಚರಿಯೇ ಆಯಿತು.

ಬೀರಪ್ಪ ಅಕ್ಕಲಕೋಟ ತಾಲೂಕಿನ ವಾಗದರಿಯವರು. ಕುರಿ ಸಾಕುವ ಮನೆತನ, ಕುರಿಗಾಹಿಗಳ ದೇವರು ಬೀರೋಬನ ಒಕ್ಕಲು. ವಯಸ್ಸು ಅರವತ್ತು ದಾಟಿತ್ತು. ಹೆಗಲ ಮೇಲೆ ಕರಿ ಕಂಬಳಿ, ಹಣೆಯ ಮೇಲೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ. ತಮ್ಮ ಆರು ಗಾಲಿಯ ಹಳೆಯ ಟ್ರಕ್ಕಿನಲ್ಲಿ ಸುತ್ತಲಿನ ಊರುಗಳ ಕುರಿಗಳನ್ನು ಸೊಲ್ಲಾಪುರದ ಸಂತೆಗೆ ತರುತ್ತಿದ್ದರು.

"ಮಿಸ್ತ್ರಿ, ಗಾಡಿಗೆ ಒಂದ್ ಗರಮ್ ಮೀಟರ್ ಕೂಡಸ್ರಿ. ದೊಡ್ಡದ ಇರ್ಲಿ. ಕಣ್ಣಿಗೆ ಹೊಡೀಬೇಕ" ಎಂದರು.

ಎಂಜಿನ್ನಿನೊಳಗೆ ಸುತ್ತುವ ನೀರಿನ ಬಿಸಿ ತೋರಿಸುವ ಗೇಜ್ ಅದು. ಎಂಬತ್ತರಿಂದ ತೊಂಬತ್ತು ಡಿಗ್ರಿ ಇದ್ದರೆ ನೆಮ್ಮದಿ, ನೂರು ದಾಟಿದರೆ ಎಚ್ಚರ. ಅಂಗಡಿಯ ಮುಂದೆಯೇ ಕೆಲಸ ಶುರುಮಾಡಿದೆ. ವೈರಿಗೆ ಬೆಸುಗೆ ಹಾಕುತ್ತಿದ್ದಾಗ ನಾನು ಎಂದಿನಂತೆ ಎಲ್ಲೋ ತೇಲಿಹೋಗಿದ್ದೆ. ಕಾದ ಸೋಲ್ಡರಿಂಗ್ ಐರನ್ ಜಾರಿ ಕೆಳಗಿನ ರಬ್ಬರ್ ಮ್ಯಾಟಿನ ಮೇಲೆ ಬಿತ್ತು. ಗಬ್ಬೆಂದು ನಾತ ಎದ್ದು, ಪಕ್ಕದ ಚಹಾದಂಗಡಿಯವರು ಮೂಗು ಮುಚ್ಚಿಕೊಂಡು ಬೈಯುತ್ತ ಹೊರಗೆ ಬಂದರು. ಹೊಗೆಯ ಮಗ್ಗುಲಲ್ಲೇ ನಿಂತಿದ್ದ ಬೀರಪ್ಪ ಮಾತ್ರ ಹಾಯಾಗಿ ರಸ್ತೆ ನೋಡುತ್ತಿದ್ದರು.

"ಮಾಮಾ, ಇಷ್ಟ ನಾರಾಕತ್ತದ, ನಿಮಗ ಬರವಲ್ದೇನ್ರಿ?"

ಅವರು ಮೊದಲು ನಕ್ಕರು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಕೊರೋನಾ ಹೋಗೂ ಮುಂದ ನನ್ನ ಮೂಗ ಒಯ್ತ್ರಿ. ಎಲ್ಲಾರ್ದೂ ತಿರುಗಿ ಬಂತು, ನಂದು ಬರ್ಲಿಲ್ಲ. ಮನ್ಯಾಗ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ."

ಆಗ ಗೇಜಿನ ಹಿಂದಿನ ಸಂಗತಿಯೆಲ್ಲ ಬಿಚ್ಚಿಕೊಂಡಿತು. ಬೀರಪ್ಪ ಜೀವಮಾನವೆಲ್ಲ ಗಾಡಿ ಓಡಿಸಿದ್ದು ಮೂಗಿನಿಂದ. ಕ್ಲಚ್ ಪ್ಲೇಟ್ ಸುಟ್ಟರೆ ಒಂದು ವಾಸನೆ, ಬ್ರೇಕ್ ಹಿಡಿದುಕೊಂಡರೆ ಇನ್ನೊಂದು, ಎಂಜಿನ್ ಕಾದು ನೀರು ಉಕ್ಕಿದರೆ ಮತ್ತೊಂದು. ಹಿಂದಿನ ವರ್ಷ ಅಕ್ಕಲಕೋಟದ ಆಚೆ ಎಂಜಿನ್ ಕಾದು ಕುದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಕಿಟಕಿಗೆ ಹಬೆ ಬಡಿದಾಗಲೇ ಗೊತ್ತಾದದ್ದು. ಸಿಲಿಂಡರ್ ಹೆಡ್ ಬಾಗಿ ಗಾಡಿ ಬಹಳ ದಿನ ಗ್ಯಾರೇಜಿನಲ್ಲಿ ನಿಂತಿತು. ಗಾಡಿ ಇದ್ದದ್ದು ಹೆಂಡತಿ ನಾಗವ್ವನ ಹೆಸರಿನಲ್ಲಿ, ಏಕೆಂದರೆ ತವರಿನಿಂದ ಬಂದ ಕುರಿ ಮಾರಿ ಅದನ್ನು ಕೊಂಡಿದ್ದರು. ಇನ್ನೊಮ್ಮೆ ಎಂಜಿನ್ ಸುಟ್ಟರೆ ಗಾಡಿ ಮಾರಿಬಿಡುತ್ತೇನೆ ಎಂದು ಆಕೆ ಖಡಾಖಂಡಿತವಾಗಿ ಹೇಳಿದ್ದಳಂತೆ. ಮೂಗು ಸತ್ತದ್ದು ಗೊತ್ತಾದರೆ ಇನ್ನೊಮ್ಮೆ ಸುಡುವವರೆಗೂ ಕಾಯುವುದಿಲ್ಲ ಎಂಬುದು ಬೀರಪ್ಪನ ಹೆದರಿಕೆ.

"ಗಾಡಿ ಇಲ್ಲಂದ್ರ ನಾ ಏನ್ ಮಾಡ್ಲಿ ಮಿಸ್ತ್ರಿ? ಕಟ್ಟಿ ಮ್ಯಾಲ ಕುಂತು ಮಂದಿ ಗಾಡಿ ನೋಡ್ಲ್ಯಾ?" ಎಂದರು. ನನ್ನ ಕೈಯಿಂದ ಟೆಸ್ಟ್ ಲ್ಯಾಂಪ್ ಕಸಿದುಕೊಂಡರೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಗೇಜ್ ಕೂಡಿಸುವುದು ಎರಡು ಕಡೆಯ ಕೆಲಸ. ಮೊದಲನೆಯದು ಎಂಜಿನ್ನಿನ ಕಡೆ. ಬಿಸಿನೀರು ರೇಡಿಯೇಟರಿಗೆ ಹೊರಡುವ ಜಾಗದಲ್ಲಿ ಥರ್ಮೋಸ್ಟಾಟ್ ಹೌಸಿಂಗ್ ಎಂಬ ಎರಕದ ಗೂಡು ಇರುತ್ತದೆ. ಅದರ ಖಾಲಿ ಬೋಲ್ಟ್ ತೆಗೆದು ಅಲ್ಲಿ ಸೆನ್ಸರ್ ತಿರುಗಿಸಿದೆ. ಸೆನ್ಸರಿನ ತುದಿ ಸದಾ ನೀರಿನಲ್ಲಿ ಅದ್ದಿಕೊಂಡಿದ್ದು, ಬಿಸಿಯನ್ನು ಕರೆಂಟಿನ ಲೆಕ್ಕದಲ್ಲಿ ಮೀಟರಿಗೆ ಕಳಿಸುತ್ತದೆ. ಸೋರದಿರಲೆಂದು ಅದಕ್ಕೆ ಟೇಪು ಸುತ್ತಿ ಸುತ್ತಿ ಬಿಗಿಯುವವರಿದ್ದಾರೆ. ಹಾಗೆ ಮಾಡಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗದೆ ಅರ್ಥಿಂಗ್ ಕೆಟ್ಟು ಮುಳ್ಳು ಸುಳ್ಳು ಹೇಳತೊಡಗುತ್ತದೆ. ನಾನು ಹದವಾಗಿ ಬಿಗಿದೆ.

ಎರಡನೆಯದು ಡ್ಯಾಶ್‌ಬೋರ್ಡಿನ ಕಡೆ. ಅಲ್ಲಿ ನಟ್ಟನಡುವೆ ಬೀರೋಬನ ಫೋಟೊ, ಮೇಲೊಂದು ಕೆಂಪು ಬಲ್ಬು, ಮುಂದೆ ಭಂಡಾರದ ಬಟ್ಟಲು. ನಾನು ಡ್ರಿಲ್ ಎತ್ತಿದ ಕೂಡಲೇ ಬೀರಪ್ಪ ಕೈ ಅಡ್ಡ ಹಿಡಿದರು. ದೇವರ ಮನೆಗೆ ತೂತು ಬೇಡ. ಸರಿ ಎಂದು ಮೀಟರನ್ನು ಒಂದು ಸಣ್ಣ ಬಟ್ಟಲಿನಂಥ ಸ್ಟ್ಯಾಂಡಿನಲ್ಲಿ ಕೂಡಿಸಿ ಸ್ಟೇರಿಂಗಿನ ಎಡಕ್ಕೆ ಕ್ಲಾಂಪ್ ಹಾಕಿದೆ. ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಲೈನ್ ಬೇಕಿತ್ತು. ತೀರ ಹತ್ತಿರ ಸಿಕ್ಕಿದ್ದು ದೇವರ ಕೆಂಪು ಬಲ್ಬಿನ ಲೈನ್. ಫ್ಯೂಸ್ ಇಟ್ಟು ಅದರಿಂದಲೇ ಕೊಟ್ಟೆ. ಬೀರೋಬನ ದೀಪವೂ ಗೇಜಿನ ದೀಪವೂ ಒಟ್ಟಿಗೆ ಹೊತ್ತಿಕೊಂಡಾಗ ಬೀರಪ್ಪ ಎರಡಕ್ಕೂ ಕೈಮುಗಿದರು. ಎಂಜಿನ್ ಬಿಸಿಯಾಗಿ ಮುಳ್ಳು ಎಂಬತ್ತೈದರ ಹತ್ತಿರ ನಿಂತಿತು.

ಸ್ವಲ್ಪ ದಿನ ಕಳೆದು ಅದೇ ಗಾಡಿ ಮತ್ತೆ ಅಂಗಡಿಯ ಮುಂದೆ ಬಂದು ನಿಂತಿತು. ಹೋದ ಸಲ ಸಂತೆಯಲ್ಲೇ ಉಳಿದಿದ್ದ ನಾಗವ್ವ ಈ ಸಲ ಜೊತೆಗಿದ್ದಳು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ನೇರ ನೋಡುವ ಕಣ್ಣು. ಎಂಜಿನ್ ರಿಪೇರಿಯಾದಾಗಿನಿಂದ ಸಂತೆಯ ಪ್ರತಿ ಫೇರಿಗೂ ಗಾಡಿಯಲ್ಲಿ ಬರುತ್ತಿದ್ದಾಳೆ, ದಾರಿಯ ದೇವರಿಗೆಲ್ಲ ಹರಕೆ ಹೊತ್ತಿದ್ದಾಳೆ ಎಂದು ಬೀರಪ್ಪ ಪರಿಚಯ ಹೇಳಿದರು.

"ಅಣ್ಣಾರ, ಇದನ್ನ ಬಿಚ್ಚಿ ತಗೀರಿ" ಎಂದಳು ಆಕೆ, ಕೂತ ಜಾಗದಿಂದಲೇ. "ದ್ಯಾವ್ರಿಗಿ ಇದು ಮನಸಿಗಿ ಬಂದಿಲ್ಲ. ಹಾದಿ ತುಂಬಾ ಮುಳ್ಳ ಸುಮ್ನ ಇರ್ತದ. ಬೀರೋಬನ ಗುಡಿ ಮುಂದ ನಿಂತ್ರ ಸರಸರಾ ಏರ್ತದ. ಒಂದ ಸಲ ಅಲ್ಲ, ಹರ ಸಲಕ್ಕೂ."

ಬೀರಪ್ಪ ಬಾಗಿಲ ಬಳಿ ಆಕೆಗೆ ಕಾಣದಂತೆ ನಿಂತು ನನ್ನನ್ನೇ ನೋಡುತ್ತಿದ್ದರು. ಮೀಟರ್ ಹೋದರೆ ಅವರಿಗೆ ಮೂಗೂ ಇಲ್ಲ, ಮುಳ್ಳೂ ಇಲ್ಲ.

ನಾನು ಸೆನ್ಸರ್ ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ ಥರ್ಮಾಮೀಟರಿನೊಂದಿಗೆ ತಾಳೆ ನೋಡಿದೆ. ಸರಿಯಿತ್ತು. ಅರ್ಥಿಂಗ್ ಸರಿಯಿತ್ತು. ಲೈನಿನ ವೋಲ್ಟೇಜ್ ಸರಿಯಿತ್ತು. ದೇವರ ಮುಂದೆ ಮಾತ್ರ ಏರುವ ದೋಷವನ್ನು ಅಂಗಡಿಯಲ್ಲಿ ಕುಳಿತು ಹಿಡಿಯುವಂತಿರಲಿಲ್ಲ. ನಾಳೆ ನಿಮ್ಮ ಜೊತೆ ನಾನೂ ಬರುತ್ತೇನೆ, ಅಲ್ಲಿಯವರೆಗೆ ಇರಲಿ ಎಂದೆ. ನಾಗವ್ವ ಒಲ್ಲದ ಮನಸ್ಸಿನಿಂದ ಒಪ್ಪಿದಳು.

ಮರುದಿನ ಸಂತೆಯಲ್ಲಿ ಕುರಿ ಇಳಿಸಿ ಖಾಲಿ ಗಾಡಿ ವಾಗದರಿಗೆ ಹೊರಟಿತು. ಆ ಹಳೆಯ ಟ್ರಕ್ಕುಗಳಲ್ಲಿ ಎಂಜಿನ್ ಇರುವುದು ಕ್ಯಾಬಿನ್ನಿನ ನಡುವೆಯೇ, ಒಂದು ಗೂನು ಬಾನೆಟ್ಟಿನ ಕೆಳಗೆ. ನಾಗವ್ವ ಅದಕ್ಕೆ ಒತ್ತಿಕೊಂಡು ಕುಳಿತಿದ್ದಳು, ನಾನು ಕಿಟಕಿಯ ಕಡೆ. ಊರು ದಾಟಿದ ಮೇಲೆ ಎಳೆಬಿಸಿಲು, ಎರಡೂ ಕಡೆ ಎದೆಯೆತ್ತರದ ಬಿಳಿಜೋಳ, ಅಲ್ಲಲ್ಲಿ ಅಂಚಿಗೆ ಕುಸುಬಿಯ ಹಳದಿ. ದೂರದ ಹೊಲದಲ್ಲಿ ಬೀಡುಬಿಟ್ಟ ಕುರಿಹಿಂಡು ನೆಲಕ್ಕಿಳಿದ ಮೋಡದಂತೆ ಕದಲದೆ ನಿಂತಿತ್ತು. ಗಾಡಿಯ ಗುಂಯ್‌ಗುಡುವಿಕೆಯಲ್ಲಿ ನನಗೆ ನಾನು ಯಾವ ಕೆಲಸಕ್ಕೆ ಬಂದೆ ಎಂಬುದೇ ಮರೆಯುವಂತಾಗಿತ್ತು. ಮುಳ್ಳು ಎಂಬತ್ತೈದರಲ್ಲಿ ತಣ್ಣಗಿತ್ತು.

ಒಂದು ತಿರುವು ಕಳೆದ ಮೇಲೆ ರಸ್ತೆ ಬದಿಗೆ ಸಣ್ಣ ಬೀರೋಬನ ಗುಡಿ ಬಂತು. ಬೀರಪ್ಪ ಗಾಡಿ ನಿಲ್ಲಿಸಿದವರೇ, ಎಂಜಿನ್ ಬಂದ್ ಮಾಡುವ ಗುಬ್ಬಿ ಎಳೆದರು. ಹಳೆಯ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ನಿಲ್ಲಿಸಲು ಕೀ ತಿರುಗಿಸಬೇಕಿಲ್ಲ, ಒಂದು ಕೇಬಲ್ ಎಳೆದರೆ ಸಾಕು. ಕೀ ಹಾಗೆಯೇ ಇತ್ತು. ಕೆಂಪು ದೀಪ ಉರಿಯುತ್ತಲೇ ಇತ್ತು. ಅವರು ಚಪ್ಪಲಿ ಬಿಟ್ಟು, ಭಂಡಾರದ ಬಟ್ಟಲು ಹಿಡಿದು ಇಳಿದರು. ಬಂಪರಿಗೆ ಭಂಡಾರ ಎರಚಿ ಗುಡಿಯ ಕಡೆ ನಡೆದರು.

"ನೋಡ್ರಿ ಈಗ" ಎಂದಳು ನಾಗವ್ವ.

ಮುಳ್ಳು ನಿಜವಾಗಿಯೂ ಏರುತ್ತಿತ್ತು. ತೊಂಬತ್ತು. ತೊಂಬತ್ತೈದು. ನೂರರ ಹತ್ತಿರ ಬಂದು ನಿಂತಿತು. ಹೊರಗೆ ನಿಶ್ಶಬ್ದ, ನಡುವೆ ಗುಡಿಯ ಗಂಟೆಯೊಂದೇ, ಹಾರಿದ ಅರಿಶಿನ ಗಾಜಿನ ಮೇಲೆ ಮೆಲ್ಲಗೆ ಕೂರುತ್ತಿತ್ತು. ಒಂದು ಕ್ಷಣ ನನ್ನ ಮೈಯೂ ಜುಮ್ಮೆಂದಿತು ಎಂದರೆ ನಾಚಿಕೆಯೇನಿಲ್ಲ.

"ಏರ್ಯಾದ, ಖರೇ" ಎಂದಳು ಆಕೆ. "ಆದ್ರ ವಾಸನಿ ಬರಂಗಿಲ್ಲ. ಹ್ವಾದ ವರ್ಷ ಎಂಜಿನ್ ಕೆಟ್ಟಾಗ ಬೆಲ್ಲ ಸುಟ್ಟಂಗ ವಾಸನಿ ಬಂದಿತ್ತಂತ ಗ್ಯಾರೇಜಿನವ್ರು ಹೇಳ್ಯಾರ. ನಾನೂ ಮೂಸಿ ನೋಡೀನಿ ಅಲ್ಲಿ. ಈಗ ಅದ್ಯಾವ್ದೂ ಇಲ್ಲ. ಮುಳ್ಳ ನಂಬ್ಲ್ಯಾ, ಮೂಗ ನಂಬ್ಲ್ಯಾ?"

"ನೀವ್ಯಾಕ ಮೂಸಾಕ ಹೋದ್ರಿ ಅಕ್ಕಾ?" ಎಂದು ಕೇಳಿದೆ.

ಆಕೆ ಗುಡಿಯ ಕಡೆ ನೋಡಿದಳು. "ಅವ್ರ ಮೂಗ ಸತ್ತಾದ್ರಿ. ನನಗ ಗೊತ್ತಿಲ್ಲಂತ ತಿಳ್ದಾರ. ಗಾಡಿ ಗ್ಯಾರೇಜಿನ್ಯಾಗ ಇದ್ದಾಗ, ಒಂದಿನ ಒಲಿ ಮುಂದ ಕುಂತಿದ್ರು. ಹಾಲ ಉಕ್ಕಿ ಸೀದು ಓಣಿ ತುಂಬಾ ನಾತ. ಇವ್ರು ಬೀಡಿ ಸೇದ್ಕೋತ ನಗ್ತಾ ಕುಂತಾರ! ಆವತ್ತ ತಿಳೀತು. ಮಾರ್ತೀನಿ ಅಂತ ಬಾಯಿಲೆ ಅಂದಿದ್ದೆ. ಆದ್ರ ಗಾಡಿ ಹೋದ್ರ ಈ ಮನುಷ್ಯಾ ಉಳೀತಾನೇನ್ರಿ? ಅದಕ್ಕ ನಾನ ಹತ್ತಿ ಕುಂತೆ. ದ್ಯಾವ್ರ ನೆವ ಹೇಳೀನಿ. ನೀವ್ ಹೇಳಬ್ಯಾಡ್ರಿ ಮತ್ತ."

ಗಂಡನೂ ಹೇಳಬೇಡಿ ಎಂದಿದ್ದ, ಹೆಂಡತಿಯೂ ಹೇಳಬೇಡಿ ಎಂದಳು. ಇಬ್ಬರ ಗುಟ್ಟೂ ಒಂದೇ. ಎರಡನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ನಾನು ಆ ಕ್ಯಾಬಿನ್ನಿನಲ್ಲಿ ನಗಬೇಕೋ ಅಳಬೇಕೋ ತಿಳಿಯದೆ ಕುಳಿತಿದ್ದೆ. ಆದರೆ ಆಕೆಯ ಮಾತಿನಿಂದ ಮುಳ್ಳಿನ ಒಗಟು ಬಗೆಹರಿದಿತ್ತು. ನಾತವಿಲ್ಲ ಎಂದರೆ ನೀರು ಉಕ್ಕಿಲ್ಲ. ಇದನ್ನು ನಮ್ಮ ಕೆಲಸದಲ್ಲಿ ಹೀಟ್ ಸೋಕ್ ಎನ್ನುತ್ತೇವೆ. ಎಂಜಿನ್ ಓಡುತ್ತಿರುವಾಗ ಪಂಪು ನೀರನ್ನು ತಿರುಗಿಸುತ್ತದೆ, ಫ್ಯಾನು ಆರಿಸುತ್ತದೆ. ತಟ್ಟನೆ ನಿಲ್ಲಿಸಿದರೆ ಎರಡೂ ನಿಂತು, ಕಾದ ಕಬ್ಬಿಣದ ಬಿಸಿಯೆಲ್ಲ ನಿಂತ ನೀರಿಗೆ ಇಳಿಯುತ್ತದೆ. ಒಲೆ ಆರಿಸಿದ ಮೇಲೂ ಹಂಚಿನ ಮೇಲೆ ರೊಟ್ಟಿ ಬೇಯುವಂತೆ. ಇದು ಎಲ್ಲ ಗಾಡಿಗಳಲ್ಲೂ ಆಗುತ್ತದೆ, ಆದರೆ ಯಾರಿಗೂ ಕಾಣುವುದಿಲ್ಲ. ಕೀ ತೆಗೆದರೆ ಮೀಟರ್ ಸತ್ತು ಮುಳ್ಳು ಬಿದ್ದುಹೋಗುತ್ತದಲ್ಲ! ಇವರು ದೇವರ ಎದುರು ದೀಪ ಆರಿಸಬಾರದೆಂದು ಕೀ ಬಿಡುತ್ತಿದ್ದರು. ಬೇರೆಲ್ಲ ಕಡೆ ಕೀ ತೆಗೆಯುತ್ತಿದ್ದರು. ಹಾಗಾಗಿ ಬೀರೋಬನ ಮುಂದೆ ಮಾತ್ರ ಮುಳ್ಳು ಏರುವುದು ಕಾಣುತ್ತಿತ್ತು.

ಬೀರಪ್ಪ ಹಿಂದಿರುಗಿದ ಮೇಲೆ ಇಬ್ಬರಿಗೂ ಬಿಡಿಸಿ ಹೇಳಿದೆ. ಎಂಜಿನ್ ಹಚ್ಚಿಸಿದೆ. ನೋಡನೋಡುತ್ತ ಮುಳ್ಳು ಎಂಬತ್ತೈದಕ್ಕೆ ಇಳಿಯಿತು. ನಾಗವ್ವನ ಮುಖ ಅರಳಿತು. ಆದರೂ ಓಡಿ ಬಂದ ಎಂಜಿನ್ನನ್ನು ತಟ್ಟನೆ ನಿಲ್ಲಿಸುವುದು ಒಳ್ಳೆಯದಲ್ಲ, ಗುಡಿಯ ಮುಂದೆ ಸ್ವಲ್ಪ ಹೊತ್ತು ಚಾಲೂ ಇಟ್ಟು ಆಮೇಲೆ ಬಂದ್ ಮಾಡಿ ಎಂದೆ.

ಬೀರಪ್ಪ ಒಪ್ಪಲಿಲ್ಲ. "ಗುರುಗುಟ್ಟೂ ಗಾಡಿ ತಗೊಂಡು ದ್ಯಾವ್ರ ಮುಂದ ನಿಂದ್ರೂದಾ? ಹಿರ್ಯಾರ ಮುಂದ ಬಾಯಾಗ ತಂಬಾಕ ಇಟ್ಕೊಂಡು ಮಾತಾಡಿದಂಗ ಆತು."

ಕೊನೆಗೆ ಅವರೇ ದಾರಿ ಹುಡುಕಿದರು. ಗುಡಿಗಿಂತ ಹಿಂದೆ, ತಿರುವಿನ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸುವುದು, ಅಲ್ಲಿ ಎಂಜಿನ್ ಉಸಿರು ತೆಗೆದುಕೊಂಡ ಮೇಲೆ ಬಂದ್ ಮಾಡಿ ನಡೆದು ಹೋಗುವುದು. "ದ್ಯಾವ್ರೇನ ಓಡಿ ಹೋಗಂಗಿಲ್ಲ" ಎಂದರು. ನಿಂತಾಗ ಏರಿದರೆ ಚಿಂತೆ ಬೇಡ, ಓಡುವಾಗ ಏರಿದರೆ ಕೂಡಲೇ ನಿಲ್ಲಿಸಿ ಎಂದು ನಾನೂ ಪಾಠ ಮುಗಿಸಿದೆ. ಕೆಲಸ ಗೆದ್ದ ಸಮಾಧಾನದಲ್ಲಿ ಅಕ್ಕಲಕೋಟದಲ್ಲಿ ಮೂವರೂ ಭಜಿ ತಿಂದು ಚಹಾ ಕುಡಿದೆವು.

ಅಕ್ಕಲಕೋಟ ದಾಟಿ ವಾಗದರಿಯ ದಾರಿ ಹಿಡಿದಾಗ ಕಿಟಕಿಯ ಗಾಳಿಗೆ ನನಗೆ ಜೋಂಪು ಹತ್ತಿತು. ಕನಸಿನಲ್ಲಿ ಜೋಳದ ಹೊಲ. ತೆನೆಗಳ ಬದಲು ಸಾವಿರಾರು ಮುಳ್ಳುಗಳು ಗಾಳಿಗೆ ಒಂದೇ ಕಡೆ ಬಾಗುತ್ತಿದ್ದವು, ಅವುಗಳ ನಡುವೆ ನಾನು ಬರಿಗಾಲಲ್ಲಿ ನಡೆಯುತ್ತಿದ್ದೆ. ಎಲ್ಲ ಸರಿಯಿದೆ, ಎಲ್ಲ ಸರಿಯಿದೆ ಎಂದು ಯಾರೋ ಹೇಳುತ್ತಿದ್ದರು.

"ನಿಲ್ಲಸ್ರಿ!"

ಕಣ್ಣು ಬಿಟ್ಟೆ. ನಾಗವ್ವ ಗಂಡನ ತೋಳು ಹಿಡಿದಿದ್ದಳು.

"ಯಾಕ? ಮುಳ್ಳ ಸುಮ್ನ ಅದ ಅಲ್ಲ" ಎಂದರು ಬೀರಪ್ಪ. ನಿಜ. ಮುಳ್ಳು ಸುಮ್ಮನಿತ್ತು ಮಾತ್ರವಲ್ಲ, ಎಪ್ಪತ್ತಕ್ಕೆ ಇಳಿದು ಇನ್ನೂ ಇಳಿಯುತ್ತಿತ್ತು.

"ಮುಳ್ಳ ಇರ್ಲಿ. ವಾಸನಿ ಬರಾಕತ್ತದ."

ಅದುವರೆಗೆ ಹೀಗೆ ಯಾರಾದರೂ ವಾಸನೆಯ ಮಾತೆತ್ತಿದರೆ, ಹೌದು ನನಗೂ ಬಂತು ಎಂದು ತಟ್ಟನೆ ಹೇಳಿಬಿಡುವುದು ಬೀರಪ್ಪನ ರೂಢಿಯಂತೆ. ಆ ದಿನ ಅವರ ಬಾಯಿಗೆ ಆ ಮಾತು ಬರಲಿಲ್ಲ. ಕಾಲು ಆಕ್ಸಿಲರೇಟರಿನಿಂದ ಮೇಲೆದ್ದಿತು. ಗಾಡಿ ನಿಧಾನವಾಯಿತು. ಮುಂದಿನ ರಸ್ತೆಯ ಮೇಲಿಂದ ಕಣ್ಣು ಕೀಳದೆ ಕೇಳಿದರು.

"ಎಂಥಾ ವಾಸನಿ?"

"ಬೆಲ್ಲ ಸುಟ್ಟಂಗ" ಎಂದಳು ನಾಗವ್ವ, ಮಗುವಿಗೆ ಹೇಳುವಷ್ಟು ಮೆತ್ತಗೆ.

ಗಾಡಿ ನಿಂತಿತು. ನಿದ್ದೆಗಣ್ಣಿನ ನನ್ನ ಮೂಗಿಗೂ ಈಗ ಅದು ಬಡಿಯಿತು, ಎಂಜಿನ್ ತಣಿಸುವ ಕೂಲಂಟ್ ದ್ರವ ಬೆರೆತ ನೀರು ಕಾದ ಕಬ್ಬಿಣದ ಮೇಲೆ ಬಿದ್ದ ಸಿಹಿ ಕಮಟು. ಇಳಿದು ನೋಡಿದರೆ ರೇಡಿಯೇಟರಿನ ಕೆಳಗಿನ ಹಳೆಯ ಹೋಸ್ ಪೈಪು ಉದ್ದಕ್ಕೆ ಸೀಳಿತ್ತು. ನೀರೆಲ್ಲ ದಾರಿಯಲ್ಲಿ ಚೆಲ್ಲಿಹೋಗಿತ್ತು. ಸೆನ್ಸರಿನ ತುದಿ ನೀರಿಲ್ಲದೆ ಬರೀ ಗಾಳಿಯಲ್ಲಿ ನಿಂತು, ಎಲ್ಲ ತಣ್ಣಗಿದೆ ಎಂದು ವರದಿ ಕಳಿಸುತ್ತಿತ್ತು. ನೀರು ಪೂರ್ತಿ ಹೋದಾಗ ಗೇಜ್ ಕುರುಡಾಗುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಇನ್ನೊಂದಿಷ್ಟು ದೂರ ಓಡಿದ್ದರೆ ಎಂಜಿನ್ ಜಾಮ್ ಆಗಿ, ಗಾಡಿ ಅಲ್ಲಿಗೇ ಮುಗಿಯುತ್ತಿತ್ತು. ನಾಗವ್ವ ನಿಲ್ಲಿಸಿದ್ದರಿಂದ ಅದು ಉಳಿದಿತ್ತು.

ಎಂಜಿನ್ ಆರುವವರೆಗೆ ಮಾಡಲು ಏನೂ ಇರಲಿಲ್ಲ. ಹೊಲದ ಬದುವಿನ ಮೇಲೆ ಕುಳಿತೆವು. ಬೀರಪ್ಪ ಕಡ್ಡಿಯಿಂದ ನೆಲ ಗೀಚುತ್ತಿದ್ದರು.

"ಯಾವಾಗಿಂದ ಗೊತ್ತು ನಿನಗ?"

"ಹಾಲ ಸೀದ ದಿನದಿಂದ."

"ಹಂಗಾರ ದ್ಯಾವ್ರ ಸಲುವಾಗಿ ಬರ್ತೀನಿ ಅಂದಿದ್ದು?"

"ದ್ಯಾವ್ರ ಸಲುವಾಗೂ ಬಂದೀನಿ."

ಬೀರಪ್ಪ ನೆಲ ನೋಡುತ್ತಲೇ ಕೇಳಿದರು. "ಗಾಡಿ ಮಾರ್ತಿಯೇನ ಈಗ?"

"ಮಾರೂದಿದ್ರ ಇಷ್ಟ ದಿನಾ ಆ ಕಾದ ಬಾನೆಟ್ ಮಗ್ಗಲಾಗ ಯಾಕ ಬೇಯ್ತಿದ್ದೆ?" ಎಂದಳು ನಾಗವ್ವ.

ಪೈಪಿಗೆ ಸುತ್ತಲು ಹಳೆಯ ಟ್ಯೂಬಿನ ಪಟ್ಟಿ ಕತ್ತರಿಸುವ ನೆವ ಮಾಡಿಕೊಂಡು ಆಚೆ ಸರಿದೆ. ಹೊಲದ ಕಡೆಯಿಂದ ಗಾಳಿ ತಿರುಗಿತು. ಹಿಂದಿನಿಂದ ಬೀರಪ್ಪನ ದನಿ ಕೇಳಿಸಿತು.

"ಈಗ ಏನ್ ವಾಸನಿ ಬರಾಕತ್ತದ?"

"ಕುಸುಬಿ ಹೂವಿಂದು. ಆಚಿ ಹೊಲದಾಗ ಕುರಿ ತರುಬಿ ನಿಲ್ಸ್ಯಾರ, ಅದರ್ದು. ಎಲ್ಲೋ ರೊಟ್ಟಿ ಬಡ್ಯಾಕತ್ತಾರ." ಆಕೆ ಸೇರಿಸಿದಳು, "ಮತ್ತ ನಿಮ್ಮ ಕಂಬಳಿದು. ಒಗದು ಭಾಳ ದಿನಾ ಆಗ್ಯಾದ."

ಬೀರಪ್ಪ ನಕ್ಕದ್ದು ಕೇಳಿಸಿತು. ಹತ್ತಿರದ ಬಾವಿಯಿಂದ ಕೊಡದಲ್ಲಿ ನೀರು ತಂದು ತುಂಬಿ, ಪಟ್ಟಿ ಕಟ್ಟಿದ ಪೈಪಿನೊಂದಿಗೆ ಮೆಲ್ಲಗೆ ವಾಗದರಿ ಸೇರಿದೆವು.

ಮೀಟರ್ ತಾನು ಅದ್ದಿಕೊಂಡಿರುವ ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಏರಿದ್ದೆಲ್ಲ ಕೇಡಲ್ಲ, ಇಳಿದದ್ದೆಲ್ಲ ಕ್ಷೇಮವಲ್ಲ. ಮುಳ್ಳನ್ನು ಓದುವ ಮೊದಲು ಆ ಗಾಡಿಯಲ್ಲಿ ಕೂರುವವರನ್ನು ಓದಬೇಕು ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಈಗ ಯಾರಾದರೂ ಗೇಜ್ ಕೂಡಿಸಲು ಬಂದರೆ, ಹನ್ನೆರಡು ವೋಲ್ಟೋ ಇಪ್ಪತ್ನಾಲ್ಕೋ ಎಂದು ಕೇಳುವುದಕ್ಕಿಂತ ಮೊದಲು ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತೇನೆ. ಯಾರೂ ಇಲ್ಲ ಎಂದವರ ಗಾಡಿಗೆ, ನೀರಿನ ಮಟ್ಟ ಇಳಿದರೆ ಕೂಗುವ ಬಜರ್ ಒಂದನ್ನು ಸೇರಿಸಿಯೇ ಕಳಿಸುತ್ತೇನೆ.

ಹೊಸ ಪೈಪು ಹಾಕಿಸಿಕೊಳ್ಳಲು ಬಂದಾಗ ಬೀರಪ್ಪನ ಗಾಡಿಗೂ ಆ ಬಜರ್ ಕೂಡಿಸಲು ಕೈಗೆತ್ತಿಕೊಂಡಿದ್ದೆ. ನಾಗವ್ವ ಪಕ್ಕದಂಗಡಿಯಲ್ಲಿ ಚಹಾ ಹೇಳಲು ಹೋಗಿದ್ದಳು. ಬೀರಪ್ಪ ನನ್ನ ಕೈ ಹಿಡಿದು ತಡೆದರು.

"ಅದ ಬ್ಯಾಡ್ರಿ ಮಿಸ್ತ್ರಿ" ಎಂದರು. "ಆಮ್ಯಾಲ ಆಕಿ ಮನ್ಯಾಗ ಉಳದಬಿಟ್ಟಾಳು."